ಮನೆ ಬಿಯರಿನ ಕಡಕ್‌ತನ: ಸಕ್ಕರೆ, ನೀರು, ಯೀಸ್ಟ್

ಬಿಯರಿನಲ್ಲಿ ಎಷ್ಟು ಆಲ್ಕೋಹಾಲ್ ಇರುತ್ತದೆ ಎಂಬುದು ಎರಡು ಸಂಗತಿಗಳ ಮೇಲೆ ನಿಂತಿದೆ: ಹುದುಗುವ ಮೊದಲು ರಸದಲ್ಲಿ ಎಷ್ಟು ಸಕ್ಕರೆ ಇತ್ತು, ಅದರಲ್ಲಿ ಎಷ್ಟನ್ನು ಯೀಸ್ಟ್ ಅರಗಿಸಿಕೊಂಡಿತು. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯೇ ಮಾಲ್ಟ್. ಅದನ್ನು ಬಿಸಿನೀರಿನಲ್ಲಿ ನೆನೆಸಿ ಸೋಸಿದಾಗ ಸಿಗುವ ಸಿಹಿ ರಸ ವರ್ಟ್. ಹೈಡ್ರೋಮೀಟರನ್ನು ಅದರಲ್ಲಿ ತೇಲಿಬಿಟ್ಟರೆ ಸಾಂದ್ರತೆ ತಿಳಿಯುತ್ತದೆ. ಹುದುಗುವ ಮುಂಚೆ 1.040, ಮುಗಿದ ಮೇಲೆ 1.008 ಎಂದು ತೋರಿಸಿದರೆ, ವ್ಯತ್ಯಾಸವನ್ನು 131ರಿಂದ ಗುಣಿಸಬೇಕು. ಆಲ್ಕೋಹಾಲ್ ಸುಮಾರು ಶೇ. 4.2.

ಕಡಿಮೆ ಖರ್ಚಿನ ಮನೆ ಬಿಯರು ಬ್ರಿಟನ್ನಿನಲ್ಲಿ ಬಹಳ ಬೆಳೆದ ಹವ್ಯಾಸ. ಮನೆಯಲ್ಲಿ ಬಿಯರ್ ಮಾಡಲು ಅಲ್ಲಿ 1880ರಿಂದ ಲೈಸೆನ್ಸ್ ಬೇಕಿತ್ತು. 1963ರಲ್ಲಿ ಹಣಕಾಸು ಮಂತ್ರಿ ರೆಜಿನಾಲ್ಡ್ ಮೌಡ್ಲಿಂಗ್ ಅದನ್ನು ತೆಗೆದುಹಾಕಿದರು. ಅಮೆರಿಕದಲ್ಲಿ ಜಿಮ್ಮಿ ಕಾರ್ಟರ್ 1978ರಲ್ಲಿ ಸಹಿ ಹಾಕಿದ ಕಾನೂನು ಇದೇ ದಾರಿ ತೆರೆಯಿತು. ಕರ್ನಾಟಕದಲ್ಲಿ ಮಾತ್ರ 1965ರ ಅಬಕಾರಿ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ.

ಬ್ರಿಟನ್ನಿನ ಹವ್ಯಾಸಿಗಳು ಸಾಮಾನ್ಯವಾಗಿ ಒಂದೂವರೆ ಕಿಲೋ ಚಿಲ್ಲರೆ ಮಾಲ್ಟ್ ಪಾಕದ ಡಬ್ಬಿ ತಂದು, ಅದಕ್ಕೆ ಒಂದು ಕಿಲೋ ಸಕ್ಕರೆ ಸೇರಿಸಿ, ನೀರು ಬೆರೆಸಿ 23 ಲೀಟರ್ ಮಾಡುತ್ತಾರೆ. ಇದನ್ನು ಕಡಕ್ ಮಾಡಲು ಬಿಡಿಗಾಸೂ ಬೇಡದ ಉಪಾಯವೆಂದರೆ ನೀರು ಕಡಿಮೆ ಮಾಡುವುದು. ಅದೇ ಸಾಮಗ್ರಿಯನ್ನು 18 ಲೀಟರಿಗೆ ನಿಲ್ಲಿಸಿದರೆ ಸುಮಾರು ಶೇ. 4.3 ಇದ್ದದ್ದು ಶೇ. 5.5ರ ಹತ್ತಿರ ಬರುತ್ತದೆ. ಐದು ಲೀಟರ್ ಕಡಿಮೆ ಸಿಗುತ್ತದೆ, ಆದರೆ ರುಚಿ ಗಟ್ಟಿಯಾಗುತ್ತದೆ. ಎಲ್ಲಕ್ಕಿಂತ ಮೊದಲು ಮಾಡಿ ನೋಡಬೇಕಾದದ್ದು ಇದನ್ನೇ.

ಎರಡನೆಯ ದಾರಿ ಇನ್ನಷ್ಟು ಸಕ್ಕರೆ. 20 ಲೀಟರಿಗೆ ಅರ್ಧ ಕಿಲೋ ಹಾಕಿದರೆ ಸುಮಾರು ಶೇ. 1.25 ಆಲ್ಕೋಹಾಲ್ ಏರುತ್ತದೆ. ಇಷ್ಟು ಅಗ್ಗದ ಏರಿಕೆ ಮಾಲ್ಟಿನಿಂದ ಸಿಗದು. ಆದರೆ ಮಾಲ್ಟಿನ ರಸದಲ್ಲಿ ಯೀಸ್ಟ್ ಅರಗಿಸಲಾಗದ ಅಂಶಗಳೂ ಇರುತ್ತವೆ. ಬಿಯರಿಗೆ ಮೈಕಟ್ಟು ಕೊಡುವುದು ಅವೇ. ಸಕ್ಕರೆ ಪೂರ್ತಿ ಹುದುಗಿಹೋಗುವುದರಿಂದ, ಮಿತಿಮೀರಿದರೆ ಬಿಯರು ತೆಳ್ಳಗೆ ನೀರುನೀರಾಗುತ್ತದೆ. ಹಾಗೆಂದು ಸಕ್ಕರೆಯನ್ನು ಕೀಳಾಗಿ ಕಾಣುವುದು ಸರಿಯಲ್ಲ. ಶೇ. 9.5ರ ಬೆಲ್ಜಿಯಂನ ವೆಸ್ಟ್‌ಮಾಲ್ ಟ್ರಿಪೆಲ್ ಅಷ್ಟು ಬಲವಾಗಿದ್ದೂ ಹಗುರವಾಗಿ ಇಳಿಯುವುದರಲ್ಲಿ ಸಕ್ಕರೆಯ ಪಾಲೂ ಇದೆ. ಹುದುಗುವ ಒಟ್ಟು ಅಂಶದಲ್ಲಿ ಸಕ್ಕರೆ ಐದನೇ ಒಂದು ಭಾಗ ಮೀರದಿದ್ದರೆ ರುಚಿ ಉಳಿಯುತ್ತದೆ. ಡಬ್ಬಿಯ ಬಿಯರು ಆ ಮಿತಿಯನ್ನು ಮೊದಲೇ ದಾಟಿರುವುದರಿಂದ, ಅಲ್ಲಿ ಹೆಚ್ಚುವರಿ ಸಕ್ಕರೆಯ ಬದಲು ಒಣ ಮಾಲ್ಟ್ ಪುಡಿ ಹಾಕುವುದು ಮೇಲು.

ಮಾಲ್ಟನ್ನೇ ನೆನೆಸಿ ಶುರುಮಾಡುವವರಿಗೆ ಶಾಖವೂ ಒಂದು ಸಾಧನ. 63ರಿಂದ 65 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೀಟಾ ಅಮೈಲೇಸ್ ಎಂಬ ಕಿಣ್ವ ಚುರುಕಾಗಿ, ಪಿಷ್ಟವನ್ನು ಯೀಸ್ಟಿಗೆ ಒಗ್ಗುವ ಸಕ್ಕರೆಯಾಗಿ ಒಡೆಯುತ್ತದೆ. 70ರ ಹತ್ತಿರ ಹೋದರೆ ಅರಗದ ಅಂಶವೇ ಹೆಚ್ಚುತ್ತದೆ. ಅಷ್ಟೇ ಮಾಲ್ಟಿನಿಂದ ಹೆಚ್ಚು ಆಲ್ಕೋಹಾಲ್ ಪಡೆಯಲು ಒಂದು ಥರ್ಮಾಮೀಟರ್ ಸಾಕು.

ಇಷ್ಟೆಲ್ಲ ಮಾಡಿಯೂ ಯೀಸ್ಟ್ ಸೋತರೆ ಸಿಹಿ ರಸ ಅರ್ಧಕ್ಕೇ ನಿಲ್ಲುತ್ತದೆ. ಗಟ್ಟಿ ರಸಕ್ಕೆ ಯೀಸ್ಟ್ ಹೆಚ್ಚು ಬೇಕು. ಹಿಂದಿನ ಸಾಧಾರಣ ಬಿಯರಿನ ತಳದಲ್ಲಿ ಕೂತ ಕೆನೆಬಣ್ಣದ ಗಸಿಯನ್ನು ಶುಚಿಯಾದ ಜಾಡಿಯಲ್ಲಿ ತಣ್ಣಗಿಟ್ಟು ಬಳಸಿದರೆ ಹೊಸ ಪೊಟ್ಟಣದ ದುಡ್ಡು ಉಳಿಯುತ್ತದೆ. ಯೀಸ್ಟ್ ಹಾಕುವ ಮುನ್ನ ತಣಿದ ರಸವನ್ನು ಚೆನ್ನಾಗಿ ಕುಲುಕಿ ಗಾಳಿ ಬೆರೆಸಬೇಕು. ಹುದುಗು ಎದ್ದ ಮೇಲೆ ಕುಲುಕಬಾರದು. ಹೆಚ್ಚುವರಿ ಸಕ್ಕರೆಯನ್ನು ಮೊದಲೇ ಸುರಿಯದೆ, ಎರಡು ಮೂರು ದಿನ ಬಿಟ್ಟು ಕುದಿಸಿ ಆರಿಸಿದ ಪಾಕವಾಗಿ ಹಾಕಿದರೆ ಯೀಸ್ಟ್ ಮಾಲ್ಟಿನ ಸಕ್ಕರೆಯನ್ನು ಕಡೆಗಣಿಸುವುದಿಲ್ಲ. ಏಲ್ ಎಂಬ ಬಗೆಯ ಬಿಯರಿನ ಸಾಮಾನ್ಯ ಯೀಸ್ಟಿಗೆ 18ರಿಂದ 20 ಡಿಗ್ರಿ ಹಿತ. ಸೆಖೆ ಹೆಚ್ಚಿದರೆ ಬಾಯಿ ಉರಿಸುವ ಒರಟು ಆಲ್ಕೋಹಾಲುಗಳು ಹುಟ್ಟುತ್ತವೆ, ಕಡಕ್ ಬಿಯರಿನಲ್ಲಂತೂ ಅವು ಎದ್ದು ಕಾಣುತ್ತವೆ.

ಬಾಟಲಿಗೆ ತುಂಬುವಾಗ ಅವಸರ ಕೂಡದು. ಕೆಲವು ದಿನಗಳ ಅಂತರದಲ್ಲಿ ಅಳೆದಾಗ ಹೈಡ್ರೋಮೀಟರ್ ಒಂದೇ ಅಂಕಿ ತೋರಿಸಬೇಕು. ಇಲ್ಲದಿದ್ದರೆ ಉಳಿದ ಸಕ್ಕರೆ ಮುಚ್ಚಿದ ಬಾಟಲಿಯಲ್ಲೇ ಹುದುಗಿ, ಅನಿಲದ ಒತ್ತಡಕ್ಕೆ ಗಾಜು ಸಿಡಿಯುತ್ತದೆ. ನೊರೆಗಾಗಿ ಬಾಟಲಿಗೆ ಹಾಕುವ ಚಿಟಿಕೆ ಸಕ್ಕರೆಯಿಂದ ಕಡಕ್‌ತನ ಹೆಚ್ಚುವುದು ಅತ್ಯಲ್ಪ. ಅದನ್ನು ಜಾಸ್ತಿ ಮಾಡುವುದು ಅಪಾಯಕ್ಕೆ ದಾರಿ. ಶೇ. 7 ದಾಟಿದ ಬಿಯರಿನ ಖಾರ ತಣಿಯಲು ಕೆಲವು ತಿಂಗಳೇ ಬೇಕಾಗಬಹುದು.