ಜೋಳದ ರೊಟ್ಟಿಗೆ ರೆಡ್ ವೈನ್ ಹೊಂದುತ್ತಾ?

ಐಹೊಳೆಗೆ ಟ್ರಿಪ್ ಹೋದವರು ದುರ್ಗ ಗುಡಿ ಮುಂದೆ ಫೋಟೋ ತೆಗೆಸಿಕೊಂಡು, ಅಮೀನಗಡದ ಕರದಂಟು ಕಟ್ಟಿಸಿಕೊಂಡು ವಾಪಸ್ ಬರ್ತೀವಿ. ಅಲ್ಲಿಂದ ಇಳಕಲ್ ದಾಟಿದರೆ ಕೊಪ್ಪಳ ಜಿಲ್ಲೆ. ಆ ಜಿಲ್ಲೆಯ ‘ಹಂಪಿ ಹಿಲ್ಸ್’ನಲ್ಲಿ ಕೃಸ್ಮಾ ಎಸ್ಟೇಟ್ಸ್ ಅನ್ನೋ ದ್ರಾಕ್ಷಿ ತೋಟವಿದೆ. ಇಟಲಿಯ ಟಸ್ಕನಿಯ ಸ್ಯಾಂಜೊವೇಸಿ ತಳಿಯಿಂದ ಅಲ್ಲಿ ರೆಡ್ ವೈನ್ ಮಾಡ್ತಾರೆ. ನಮ್ಮ ಮಣ್ಣಿನ ಈ ವೈನ್ ನಮ್ಮ ಊಟಕ್ಕೆ ಹೊಂದುತ್ತಾ ಅನ್ನೋದು ಪ್ರಶ್ನೆ.

ಮೊದಲು ಬಳ್ಳಿಯ ವಿಷಯ. ಯುರೋಪಿನಲ್ಲಿ ಚಳಿಗಾಲಕ್ಕೆ ಬಳ್ಳಿ ಎಲೆ ಉದುರಿಸಿ ಮಲಗಿಬಿಡುತ್ತೆ. ನಮ್ಮಲ್ಲಿ ಅಂಥ ಚಳಿ ಇಲ್ಲ. ಹಾಗಾಗಿ ವರ್ಷಕ್ಕೆ ಎರಡು ಸಲ ಚಾಟ್ನಿ ಮಾಡ್ತಾರೆ: ಬೇಸಿಗೆಯಲ್ಲಿ ಒಮ್ಮೆ, ಮಳೆಗಾಲ ಮುಗಿಯುವಾಗ ಇನ್ನೊಮ್ಮೆ. ಹಣ್ಣು ಮಾಗೋದು ಒಣ ಹವೆಯಲ್ಲಿ, ಅಂದರೆ ಫೆಬ್ರವರಿ–ಮಾರ್ಚ್ ಹೊತ್ತಿಗೆ.

ಕೆಂಪು ಬಣ್ಣ ಬರೋದು ರಸದಿಂದಲ್ಲ, ಸಿಪ್ಪೆಯಿಂದ. ಹಿಂಡಿದ ರಸವನ್ನು ಸಿಪ್ಪೆ ಸಮೇತ ಹುದುಗಲು ಬಿಡ್ತಾರೆ. ಯೀಸ್ಟ್ ಸಕ್ಕರೆಯನ್ನು ಆಲ್ಕೋಹಾಲ್ ಮಾಡುತ್ತಾ ಹೋದಂತೆ ಸಿಪ್ಪೆ, ಬೀಜಗಳಿಂದ ಬಣ್ಣವೂ ಟ್ಯಾನಿನ್ನೂ ಇಳಿಯುತ್ತೆ. ಟ್ಯಾನಿನ್ ಅಂದರೆ ನಾಲಿಗೆ ಒಣಗಿಸುವ ಒಗರು. ನೇರಳೆಹಣ್ಣು ತಿಂದಾಗ ಆಗುತ್ತಲ್ಲ, ಅದೇ. ಸ್ಯಾಂಜೊವೇಸಿಗೆ ಒಗರಿನ ಜೊತೆ ಒಳ್ಳೆ ಹುಳಿಯೂ ಇರುತ್ತೆ, ಹುಳಿ ಚೆರ್ರಿಯ ವಾಸನೆ ಇರುತ್ತೆ. ಚೆರ್ರಿ ಗೊತ್ತಿಲ್ಲದವರು ನೇರಳೆಗೆ ಸ್ವಲ್ಪ ಹುಣಸೆ ಬೆರೆಸಿದ ಹಾಗೆ ಅಂದುಕೊಳ್ಳಿ.

ಈಗ ತಟ್ಟೆಗೆ ಬರೋಣ.

ಎಣ್ಣೆಗಾಯಿ: ಇದರ ಮಸಾಲೆಯಲ್ಲಿ ಹುಣಸೆ ಇದೆ. ಊಟ ಹುಳಿಯಾಗಿದ್ದರೆ ವೈನಿನ ಹುಳಿ ಚುಚ್ಚುವುದಿಲ್ಲ. ಹುಳಿ ಕಡಿಮೆ ಇರುವ ವೈನ್ ಆಗಿದ್ದರೆ ಸಪ್ಪೆ ಎನಿಸುತ್ತಿತ್ತು. ಇಲ್ಲಿ ಸ್ಯಾಂಜೊವೇಸಿ ಗೆಲ್ಲುತ್ತೆ.

ಶೇಂಗಾ ಹಿಂಡಿ, ಗಟ್ಟಿ ಮೊಸರು: ಟ್ಯಾನಿನ್ ಬಾಯಲ್ಲಿ ಹಿಡಿಯೋದು ಎಂಜಲಿನ ಪ್ರೋಟೀನನ್ನು, ಅದಕ್ಕೇ ಬಾಯಿ ಒಣಗೋದು. ಊಟದಲ್ಲೇ ಪ್ರೋಟೀನು, ಕೊಬ್ಬು ಇದ್ದರೆ ಅವನ್ನು ಹಿಡಿದು ಒಗರು ಮೆತ್ತಗಾಗುತ್ತೆ.

ರಂಜಕ: ದೂರ ಇಡಿ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಕೆಣಕುವ ‘ಬಿಸಿ’ಯ ಗ್ರಾಹಕವನ್ನೇ ಆಲ್ಕೋಹಾಲೂ ಕೆಣಕುತ್ತೆ. ಖಾರ ಆರುವ ಬದಲು ಹೆಚ್ಚಾಗುತ್ತೆ.

ಕರದಂಟು: ಇದೂ ಕೂಡೋದಿಲ್ಲ. ಬೆಲ್ಲದ ಸಿಹಿ ಆದ ಮೇಲೆ ಸಿಹಿಯಿಲ್ಲದ ವೈನ್ ಬರೀ ಹುಳಿ ಎನಿಸುತ್ತೆ.

ಇನ್ನೊಂದು ಮಾತು. ರೆಡ್ ವೈನನ್ನು ‘ರೂಮ್ ಟೆಂಪರೇಚರ್’ನಲ್ಲಿ ಕೊಡಬೇಕು ಅಂತಾರೆ. ಅದು ಚಳಿ ದೇಶದ ರೂಮು, ಸುಮಾರು 16ರಿಂದ 18 ಡಿಗ್ರಿ. ಬಾಗಲಕೋಟೆಯ ಏಪ್ರಿಲ್‌ನ ರೂಮಲ್ಲ! ಅಲ್ಲಿ ಫ್ರಿಜ್‌ನಲ್ಲಿ ತಂಪು ಮಾಡದಿದ್ದರೆ ಆಲ್ಕೋಹಾಲ್ ಮೂಗಿಗೆ ಹೊಡೆದು ಹಣ್ಣಿನ ವಾಸನೆ ಮುಚ್ಚಿಹೋಗುತ್ತೆ.

ಇದನ್ನೆಲ್ಲ ನಂಬೋಕೆ ಬಾಟಲಿಯೇ ಬೇಕಿಲ್ಲ. ಕ್ಯಾಂಟೀನಿನಲ್ಲಿ ಹಾಲಿಲ್ಲದ ಸ್ಟ್ರಾಂಗ್ ಚಹಾ ಒಂದು ಗುಟುಕು ಕುಡಿಯಿರಿ, ಒಗರು ಗೊತ್ತಾಗುತ್ತೆ. ಅದಕ್ಕೇ ಹಾಲು ಹಾಕಿ ಮತ್ತೆ ಕುಡಿಯಿರಿ. ಹಾಲಿನ ಪ್ರೋಟೀನ್ ಚಹಾದ ಟ್ಯಾನಿನ್ ಹಿಡಿದಿದ್ದರಿಂದ ಒಗರು ಇಳಿದಿರುತ್ತೆ. ಶೇಂಗಾ ಹಿಂಡಿ ವೈನಿಗೆ ಮಾಡೋದೂ ಇದನ್ನೇ. ಮದ್ಯಕ್ಕೆ ಸುರಕ್ಷಿತ ಪ್ರಮಾಣ ಅಂತ ಒಂದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಹಾಗಾಗಿ ಚಹಾದಲ್ಲೇ ಪ್ರಯೋಗ ಮುಗಿಸಿದರೂ ನಷ್ಟವಿಲ್ಲ.

ಹಾಗಾದರೆ ನಮಗ್ಯಾಕೆ ಈ ಉಸಾಬರಿ? ದ್ರಾಕ್ಷಿ ಸಂಸ್ಕರಣೆಗೆ, ವೈನಿಗೆ ಕರ್ನಾಟಕ 2007ರಲ್ಲೇ ನೀತಿ ತಂದಿದೆ. ಆದರೂ ಕೃಷ್ಣಾ ಕಣಿವೆಯ ದ್ರಾಕ್ಷಿ ಹೆಚ್ಚಾಗಿ ಹೋಗೋದು ತಿನ್ನೋಕೆ, ಇಲ್ಲವೇ ಒಣದ್ರಾಕ್ಷಿಗೆ. ಅಕಾಲದಲ್ಲಿ ಒಂದು ಮಳೆ ಬಿದ್ದರೆ ಎರಡಕ್ಕೂ ಪೆಟ್ಟು. ವೈನ್ ತಳಿ ರೈತನಿಗೆ ಮೂರನೇ ದಾರಿ ಆಗಬಹುದು. ಆದರೆ ಆ ಬಾಟಲಿ ಪಾಸ್ತಾ, ಚೀಸಿನ ಪಕ್ಕ ಮಾತ್ರ ಕೂರುವ ತನಕ ಅದು ದೊಡ್ಡ ಊರಿನ ಹೋಟೆಲಿನ ಸರಕು. ರೊಟ್ಟಿ–ಎಣ್ಣೆಗಾಯಿ ಪಕ್ಕ ಕೂತರೆ ಇಲ್ಲಿನ ಬೆಳೆಗೆ ಇಲ್ಲೇ ಒಂದು ಗಿರಾಕಿ ಸಿಕ್ಕ ಹಾಗೆ.