ತೂಗುಹಾಕಿದ ಬಲ್ಬು ಮತ್ತು ಅಂಚಿನ ಗಿಡ



ಹೋದ ವರ್ಷ ಕಾರ್ತಿಕದಲ್ಲಿ ನಮ್ಮ ಚಿಕ್ಕಪ್ಪ ಸಣ್ಣ ಪಾಲಿಹೌಸಿನಲ್ಲಿ ಸೇವಂತಿಗೆ ನಾಟಿ ಮಾಡಿದರು. ಯುಗಾದಿ ಹೊತ್ತಿಗೆ ಹೂ ಕೀಳಬೇಕು ಅಂತ ಲೆಕ್ಕ. ನಡುವೆ ಉದ್ದಕ್ಕೆ ಒಂದೇ ಸಾಲು ಬಲ್ಬು ತೂಗುಹಾಕಿ, ಒಂದು ತಿಂಗಳು ರಾತ್ರಿ ಹೊತ್ತು ಹಚ್ಚಿದರು. ಆದರೂ ಎರಡೂ ಅಂಚಿನ ಗಿಡಗಳು ಗೇಣುದ್ದ ಇರುವಾಗಲೇ ಮೊಗ್ಗು ಕಟ್ಟಿದವು. "ಕರೆಂಟ್ ಬಿಲ್ಲೂ ಕಟ್ಟಿದೆ, ಹೂವೂ ಹೋಯ್ತು" ಅಂತ ಚಿಕ್ಕಪ್ಪ ತಲೆ ಮೇಲೆ ಕೈ ಹೊತ್ತು ಕೂತರು. ನಡುವಿನ ಗಿಡ ಸರಿಯಾಗಿದ್ದು ಅಂಚಿನದು ಮಾತ್ರ ಯಾಕೆ ಹೀಗಾಯ್ತು? ಇದನ್ನು ತಿಳಿಯಲು ನಾನು ಮಾಡಿದ್ದನ್ನು ಇಲ್ಲಿ ಬರೆದಿದ್ದೇನೆ.

ಮೊದಲು, ಸೇವಂತಿಗೆಗೆ ರಾತ್ರಿ ಬಲ್ಬು ಯಾಕೆ? ಈ ಗಿಡ ರಾತ್ರಿಯ ಉದ್ದವನ್ನು ಅಳೆಯುತ್ತದೆ. ರಾತ್ರಿ ಉದ್ದವಾದರೆ ಮೊಗ್ಗು ಕಟ್ಟುತ್ತದೆ. ಚಳಿಗಾಲದಲ್ಲಿ ರಾತ್ರಿ ಉದ್ದ ತಾನೆ? ಆದ್ದರಿಂದ ಗಿಡ ಚಿಕ್ಕದಿದ್ದಾಗಲೇ ಮೊಗ್ಗು ಬಂದು ಹೂ ಕಡಿಮೆಯಾಗುತ್ತೆ. ರಾತ್ರಿ ನಡುವೆ ಬೆಳಕು ಬಿದ್ದರೆ, ರಾತ್ರಿ ಚಿಕ್ಕದು ಅಂತ ಗಿಡ ಮೋಸಹೋಗಿ ಬರೀ ಎಲೆ, ಕೊಂಬೆ ಬೆಳೆಸುತ್ತದೆ. ಗಿಡಗಳು ಹೀಗೆ ಹಗಲು ರಾತ್ರಿಯ ಉದ್ದ ನೋಡಿ ಹೂ ಬಿಡುತ್ತವೆ ಎಂಬುದನ್ನು ಅಮೆರಿಕದ ಗಾರ್ನರ್ ಮತ್ತು ಅಲಾರ್ಡ್ ಎಂಬ ವಿಜ್ಞಾನಿಗಳು 1920ರಲ್ಲಿ ಪ್ರಕಟಿಸಿದರು.

ಈಗ ನನ್ನ ಪ್ರಯೋಗ. ನಮ್ಮ ಮನೆಯ ಕತ್ತಲೆ ಕೋಣೆಯಲ್ಲಿ ಅಪ್ಪ ಒಂದು ಬಲ್ಬು ತೂಗುಹಾಕಿಕೊಟ್ಟರು. ಮೂರು ತೆಂಗಿನ ಚಿಪ್ಪಿಗೆ ಮಣ್ಣು ಹಾಕಿ ರಾಗಿ ಬಿತ್ತಿ, ಬಲ್ಬಿನಿಂದ 1 ಅಡಿ, 2 ಅಡಿ, 3 ಅಡಿ ದೂರದಲ್ಲಿ ಇಟ್ಟೆ. ಹತ್ತು ದಿನ ಕಳೆದ ಮೇಲೆ ನೋಡಿದರೆ, ಹತ್ತಿರದ ಪೈರು ಗಿಡ್ಡಗೆ ಹಸಿರಾಗಿತ್ತು. 3 ಅಡಿಯದ್ದು ತೆಳ್ಳಗೆ, ಹಳದಿಯಾಗಿ, ಬಲ್ಬಿನ ಕಡೆಗೆ ಬಾಗಿ ಬಿದ್ದಿತ್ತು. ನಾನು ಮೂರನೇ ಒಂದು ಪಾಲು ಬೆಳಕಾದರೂ ಸಿಕ್ಕಿರಬೇಕು ಅಂದುಕೊಂಡಿದ್ದೆ. ಮೇಷ್ಟ್ರು "ಅಲ್ಲ, ಒಂಬತ್ತನೇ ಒಂದು ಪಾಲು" ಅಂದರು.

ಅದು ಹೇಗೆ? ರಟ್ಟಿನಲ್ಲಿ 1 ಅಂಗುಲದ ಚೌಕ ಕತ್ತರಿಸಿ ಮೇಣದ ಬತ್ತಿಯಿಂದ 1 ಅಡಿ ದೂರ ಹಿಡಿಯಿರಿ. ಬತ್ತಿಯಿಂದ 2 ಅಡಿ ದೂರದ ಗೋಡೆ ಮೇಲೆ ಬೀಳುವ ಬೆಳಕಿನ ಚೌಕ 2 ಅಂಗುಲ ಇರುತ್ತೆ. ಅಂದರೆ ಅಷ್ಟೇ ಬೆಳಕು 4 ಚೌಕಕ್ಕೆ ಹಂಚಿಹೋಯಿತು. 3 ಅಡಿಗೆ 9 ಚೌಕ. ಅನ್ನ ಅಷ್ಟೇ, ಉಣ್ಣುವವರು ಜಾಸ್ತಿ ಆದಂತೆ!

ಇನ್ನು ಚಿಕ್ಕಪ್ಪನ ಲೆಕ್ಕ. ಬಲ್ಬು ಗಿಡದಿಂದ 3 ಅಡಿ ಮೇಲಿತ್ತು. ಅಂಚಿನ ಗಿಡ 4 ಅಡಿ ಪಕ್ಕಕ್ಕಿತ್ತು. ಪೈಥಾಗೊರಸ್ ಪ್ರಮೇಯದಂತೆ ಬಲ್ಬಿನಿಂದ ಆ ಗಿಡಕ್ಕೆ ದೂರ 5 ಅಡಿ. ಬಲ್ಬಿನ ಕೆಳಗಿನ ಗಿಡಕ್ಕಿಂತ ಅದಕ್ಕೆ 25ರಲ್ಲಿ 9 ಪಾಲು ಮಾತ್ರ ಬೆಳಕು. ಅದೂ ಓರೆಯಾಗಿ ಬೀಳುತ್ತೆ. ಟಾರ್ಚನ್ನು ನೆಲಕ್ಕೆ ನೆಟ್ಟಗೆ ಹಿಡಿದರೆ ಗುಂಡಗೆ, ಓರೆ ಹಿಡಿದರೆ ಉದ್ದಕ್ಕೆ ಹರಡಿ ಮಂಕಾಗುತ್ತದಲ್ಲ, ಹಾಗೆ. ಓರೆಗೆ ಮತ್ತೆ 5ರಲ್ಲಿ 3 ಪಾಲು. ಎರಡನ್ನೂ ಗುಣಿಸಿದರೆ 125ರಲ್ಲಿ 27, ಅಂದರೆ ಸುಮಾರು ಐದನೇ ಒಂದು ಪಾಲು. ಸಾಲಿನಲ್ಲಿ 8 ಅಡಿಗೊಂದು ಬಲ್ಬು ಇದ್ದುದರಿಂದ ಎರಡು ಬಲ್ಬುಗಳ ನಡುವಿನ ಗಿಡಕ್ಕೆ ಎರಡೂ ಕಡೆಯಿಂದ ಬೆಳಕು ಸಿಕ್ಕಿತು. ಅಂಚಿನ ಗಿಡಕ್ಕೆ ಆಚೆ ಬದಿಯಿಂದ ಏನೂ ಇಲ್ಲ.

ಬಲ್ಬಿನ ಆಕಾರವೂ ಮುಖ್ಯ. ಹಳೆಯ ಗಾಜಿನ ಬಲ್ಬು ಹೋಲ್ಡರ್ ಕಡೆ ಬಿಟ್ಟು ಎಲ್ಲಾ ಕಡೆ ಬೆಳಕು ಕೊಡುತ್ತೆ, ಆದರೆ ಕರೆಂಟಿನ ಬಹುಪಾಲು ಶಾಖವಾಗುತ್ತೆ. ಉದ್ದ ಕೊಳವೆಯ ಸಿ.ಎಫ್.ಎಲ್. ನೇತುಹಾಕಿದರೆ ಬೆಳಕು ಪಕ್ಕಕ್ಕೆ ಹೆಚ್ಚು, ತುದಿಯಿಂದ ಕೆಳಕ್ಕೆ ಕಮ್ಮಿ. ಗಿಡಗಳನ್ನು ಸುತ್ತಲೂ ಇಡುವವರಿಗೆ ಅದು ಒಳ್ಳೆಯದು. ಎಲ್.ಇ.ಡಿ. ಬಲ್ಬಿನ ಹಿಂಬದಿ ಶಾಖ ಬಿಡುವ ಗಟ್ಟಿ ಭಾಗ, ಅದರಿಂದ ಬೆಳಕು ಹೆಚ್ಚಾಗಿ ಕೆಳಕ್ಕೇ ಬೀಳುತ್ತೆ. ಚಿಕ್ಕಪ್ಪ ಹಾಕಿದ್ದು ಇದೇ.

ಬಲ್ಬನ್ನು ಮೇಲೆತ್ತಿದರೆ ಬೆಳಕು ಸಮನಾಗಿ ಹರಡುತ್ತೆ, ಆದರೆ ಎಲ್ಲರಿಗೂ ಕಮ್ಮಿಯಾಗುತ್ತೆ. ಒಂದು ದೊಡ್ಡ ಬಲ್ಬಿಗಿಂತ ಹತ್ತಿರ ಹತ್ತಿರ ಚಿಕ್ಕ ಬಲ್ಬುಗಳು ವಾಸಿ. ಬದಿಗೆ ಬಿಳಿ ಹಾಳೆ ಕಟ್ಟಿದರೆ ಆಚೆ ಹೋಗುವ ಬೆಳಕು ವಾಪಸ್ಸು ಬರುತ್ತೆ.

ಒಂದು ಮಾತು ನೆನಪಿಡಿ. ಮೊಗ್ಗು ತಡೆಯಲು ಸ್ವಲ್ಪ ಬೆಳಕು ಸಾಕು, ಆದರೆ ಗಿಡ ಆಹಾರ ತಯಾರಿಸಲು ಬಹಳ ಬೇಕು. ಮಧ್ಯಾಹ್ನದ ಬಿಸಿಲು ಸುಮಾರು 1 ಲಕ್ಷ ಲಕ್ಸ್ ಇದ್ದರೆ, ರಾತ್ರಿ ಮನೆಯ ಬಲ್ಬಿನ ಬೆಳಕು ಕೆಲವು ನೂರು ಲಕ್ಸ್ ಮಾತ್ರ. ಅದಕ್ಕೇ ನನ್ನ ರಾಗಿ ಸೊರಗಿದ್ದು.

ಈ ಲೆಕ್ಕವನ್ನು ಚಿಕ್ಕಪ್ಪನಿಗೆ ತೋರಿಸಿದೆ. ಮೊದಲು ನಕ್ಕರು, ಆಮೇಲೆ ಪೆನ್ಸಿಲ್ ಇಸಕೊಂಡು ತಾವೇ ಬರೆದು ನೋಡಿದರು. ಈ ಸಲ ಎರಡು ಸಾಲು ಬಲ್ಬು ಕಟ್ಟಿದ್ದಾರೆ. ಅಂಚಿನ ಗಿಡಗಳು ಈಗ ಮೊಣಕಾಲುದ್ದ ಆಗಿವೆ, ಇನ್ನೂ ಮೊಗ್ಗು ಬಂದಿಲ್ಲ. ಹೂವಾದ ಮೇಲೆ ಇದೇ ಗೋಡೆ ಪತ್ರಿಕೆಯಲ್ಲಿ ಬರೆಯುತ್ತೇನೆ.

ನೀವೂ ರಾಗಿ ಬಿತ್ತಿ ನೋಡಿ. ಆದರೆ ಒದ್ದೆ ಕೈಯಲ್ಲಿ ಬಲ್ಬು, ವೈರು ಮುಟ್ಟಬೇಡಿ. ದೊಡ್ಡವರನ್ನು ಕೇಳಿಯೇ ಮಾಡಿ.

— ಏಳನೇ ತರಗತಿ ವಿದ್ಯಾರ್ಥಿನಿ