ಓಡಾಟದ ಕೂಲಿಯ ಲೆಕ್ಕ

ಮಕ್ಕಳು ಬೆಂಗಳೂರನ್ನೋ ಪರದೇಶವನ್ನೋ ಸೇರಿದ ಮೇಲೆ ವೃದ್ಧ ದಂಪತಿಗಳಷ್ಟೇ ಉಳಿದಿರುವ ಮನೆಗಳು ಮೈಸೂರಿನ ಕುವೆಂಪುನಗರ, ಸರಸ್ವತಿಪುರಂಗಳಂಥ ಬಡಾವಣೆಗಳಲ್ಲಿ ಹಲವಾಗಿರುವ ಈ ಕಾಲದಲ್ಲಿ, ಔಷಧವನ್ನು ತಂದುಕೊಡುವ, ದಿನಸಿಯನ್ನು ಮುಟ್ಟಿಸುವ, ಕಾಗದಪತ್ರಗಳನ್ನು ಕಚೇರಿಗೆ ಒಯ್ಯುವ ಸಣ್ಣ ಉದ್ಯೋಗವೊಂದನ್ನು ಸ್ಕೂಟರೊಂದನ್ನೇ ನಂಬಿ ಆರಂಭಿಸುವ ತರುಣನಿಗೆ ಎಲ್ಲಕ್ಕೂ ಮೊದಲು ಎದುರಾಗುವ ಪ್ರಶ್ನೆಯು ಬೆಲೆಯದು. ಪೆಟ್ರೋಲಿನ ಖರ್ಚಿನ ಮೇಲೆ ಹತ್ತಿಪ್ಪತ್ತು ರೂಪಾಯಿ ಸೇರಿಸಿ ದರ ಹೇಳಿಬಿಡುವುದು ಸುಲಭ. ಆ ದರದಲ್ಲಿ ಬಾಳುವುದು ಕಷ್ಟ.

ಲೀಟರಿಗೆ ಸುಮಾರು 100 ರೂಪಾಯಿಯ ಪೆಟ್ರೋಲು ಹಾಕಿ 40 ಕಿಲೋಮೀಟರ್ ಓಡುವ ಸ್ಕೂಟರಿಗೆ, ಟೈರು, ಆಯಿಲ್, ಬ್ರೇಕು, ವಿಮೆಗಳ ಪಾಲನ್ನೂ ಕೂಡಿಸಿದರೆ, ಕಿಲೋಮೀಟರಿಗೆ 4 ರೂಪಾಯಿ ಹಿಡಿಯಬಹುದು. ದಿನಕ್ಕೆ 600 ರೂಪಾಯಿ ಮನೆಗೊಯ್ಯಬೇಕೆಂಬ ತರುಣನ ಎಂಟು ಗಂಟೆಗಳಲ್ಲಿ ಮೂರು ಗಂಟೆ ಕರೆಗಾಗಿ ಕಾಯುವುದರಲ್ಲೇ ಕಳೆದರೆ, ಉಳಿದ ಐದರಲ್ಲಿ ಒಂದೊಂದಕ್ಕೂ 120 ರೂಪಾಯಿ ಬರಲೇಬೇಕು. ಕುವೆಂಪುನಗರದಿಂದ ದೇವರಾಜ ಮಾರುಕಟ್ಟೆಯ ಕಡೆಗೆ ಹೋಗಿಬರುವ 8 ಕಿಲೋಮೀಟರಿಗೆ 32 ರೂಪಾಯಿಯಾದರೆ, ಅರ್ಧ ಗಂಟೆಯ ಸವಾರಿಗೂ, ಚೀಟಿಯಲ್ಲಿ ಬರೆದ ಮಾತ್ರೆ ಒಂದು ಅಂಗಡಿಯಲ್ಲಿ ದೊರೆಯದೆ ಮತ್ತೊಂದರ ಮುಂದೆ ನಿಂತ ಇಪ್ಪತ್ತು ನಿಮಿಷಕ್ಕೂ 100 ರೂಪಾಯಿ. ವೆಚ್ಚದ ಮುಕ್ಕಾಲು ಪಾಲು ಹೊತ್ತಿನದು.

ಈ ಸತ್ಯವನ್ನು ಅಂಚೆಯ ಇತಿಹಾಸವು ಬಹಳ ಹಿಂದೆಯೇ ಕಂಡಿದೆ. ಲಂಡನ್ನಿನಿಂದ ಎಡಿನ್‌ಬರೋಗೆ ಪತ್ರವೊಂದನ್ನು ಸಾಗಿಸುವ ವೆಚ್ಚವು ಒಂದು ಪೆನ್ನಿಯ ಅತ್ಯಲ್ಪ ಭಾಗವೆಂದೂ, ಪತ್ರವನ್ನು ಪಡೆದು, ಲೆಕ್ಕವಿಟ್ಟು, ಹಂಚುವುದೇ ನಿಜವಾದ ಖರ್ಚೆಂದೂ ಬ್ರಿಟನ್ನಿನ ಅಂಚೆ ಸುಧಾರಕ ರೋಲೆಂಡ್ ಹಿಲ್ 1837ರಲ್ಲಿ ತೋರಿಸಿದನು. 1840ರಲ್ಲಿ ಬ್ರಿಟನ್ನಿನಲ್ಲಿ ದೂರವನ್ನೆಣಿಸದ ಏಕರೂಪದ ದರ ಜಾರಿಗೆ ಬಂದಿತು. 1854ರಲ್ಲಿ ಭಾರತವೂ ಅದೇ ಮಾರ್ಗವನ್ನು ಹಿಡಿಯಿತು.

ಆದರೆ ಮಾತ್ರೆಯ ಒಂದು ಪೊಟ್ಟಣಕ್ಕಾಗಿ 132 ರೂಪಾಯಿ ಕೊಡಲು ಯಾವ ಮನೆಯವರಾದರೂ ಹಿಂಜರಿಯುವರು. ಅದು ಸಹಜವೂ ಹೌದು. ಆದಕಾರಣ ಮಾಡತಕ್ಕದ್ದು ದರದ ಇಳಿಕೆಯಲ್ಲ, ಕೆಲಸಗಳ ಜೋಡಣೆ. ಬೆಳಗ್ಗೆ ಒಂದು, ಸಂಜೆ ಒಂದು ಎಂದು ಸುತ್ತುಗಳನ್ನು ಗೊತ್ತುಮಾಡಿ, ಒಂದೇ ಬಡಾವಣೆಯ ಮೂರು ಮನೆಗಳ ಕೆಲಸವನ್ನು ಒಟ್ಟಿಗೆ ಮುಗಿಸಿದರೆ, 10 ಕಿಲೋಮೀಟರಿಗೂ 80 ನಿಮಿಷಕ್ಕೂ ಕೂಡಿ 200 ರೂಪಾಯಿಯಾಗಿ, ಮನೆಗೆ ಸುಮಾರು 67ರಂತೆ ಬೀಳುವುದು. ಕೂಡಲೇ ಆಗಬೇಕಾದ ಕೆಲಸಕ್ಕೆ ಮಾತ್ರ ಪೂರ್ಣ ದರ.

ನಷ್ಟವನ್ನು ತಾಳುವುದು ದೊಡ್ಡ ಬಂಡವಾಳಕ್ಕೂ ಕಷ್ಟ. ಬೆಂಗಳೂರಿನಲ್ಲಿ ವಾಟ್ಸ್‌ಆ್ಯಪ್ ಮೂಲಕ ಇದೇ ಬಗೆಯ ಕೆಲಸವನ್ನು ಆರಂಭಿಸಿದ ಡಂಜೊ ಎಂಬ ಕಂಪನಿಯು ಗೂಗಲ್, ರಿಲಯನ್ಸ್‌ಗಳ ಬಂಡವಾಳವನ್ನು ಪಡೆದೂ ನಷ್ಟದಿಂದ ಮೇಲೇಳಲಾರದೆ 2025ರ ಆರಂಭದಲ್ಲಿ ಸ್ಥಗಿತಗೊಂಡಿತು. ಅಂಥ ಬಂಡವಾಳವಿಲ್ಲದ ಒಂಟಿ ಸ್ಕೂಟರಿನವನು ಅಗ್ಗದ ದರವನ್ನು ಎಷ್ಟು ದಿನ ತಾಳಿಯಾನು?

ದರವು ಯುಕ್ತವಾಗಿದ್ದರಷ್ಟೇ ಸಾಲದು, ಸ್ಪಷ್ಟವಾಗಿಯೂ ಇರತಕ್ಕದ್ದು. ಅಂಗಡಿಯ ಬಿಲ್ಲನ್ನು ಇದ್ದಂತೆಯೇ ಕೊಟ್ಟು, ಸಾಮಾನಿನ ಬೆಲೆಯಲ್ಲಿ ಕಾಸನ್ನೂ ಬೆರೆಸದೆ, ಕೂಲಿಯನ್ನು ಬೇರೆಯಾಗಿ ಬರೆಯಬೇಕು. ಸಾಮಾನಿನ ಹಣವನ್ನು ಮುಂಗಡವಾಗಿ ಪಡೆಯಬೇಕು. ಕಾಲು ಗಂಟೆಗೆ ಮೀರಿ ಕಾಯಿಸಿದರೆ, ಅಕ್ಕಿಮೂಟೆಯಂಥ ಭಾರವಿದ್ದರೆ, ರಾತ್ರಿಯಾದರೆ ಎಷ್ಟು ಹೆಚ್ಚೆಂಬುದನ್ನು ಮೊದಲೇ ತಿಳಿಸಬೇಕು. ಪ್ರತಿದಿನ ಬೇಕೆನ್ನುವವರಿಗೆ ತಿಂಗಳ ದರ ಗೊತ್ತುಮಾಡಿದರೆ ಇಬ್ಬರಿಗೂ ನೆಮ್ಮದಿ.

ಓದುಗರಲ್ಲಿಯೂ ಒಂದು ವಿಜ್ಞಾಪನೆ: ನಿಮ್ಮ ಬಾಗಿಲಿಗೆ ಔಷಧ ತಂದವನು ಕೂಲಿ ಹೇಳಿದಾಗ, ಚೌಕಾಶಿಗೆ ಮುನ್ನ ಆತನು ಕಳೆದ ಹೊತ್ತನ್ನೊಮ್ಮೆ ಎಣಿಸಿರಿ. ಆ ಹೊತ್ತಿಗೆ ತಕ್ಕ ಬೆಲೆ ದೊರೆತರೆ ಮಾತ್ರ ಮುಂದಿನ ತಿಂಗಳೂ ಆತನು ಬರುವನು.